ಸಂಪರ್ಕ ಕಡಿದುಹೋದವರ ಕಡೆಯಿಂದ ನೋಡಿದರೆ: ಪ್ರೋಗ್ರಾಮರ್‌ಗಳ ಚಾಟ್ ನಡೆದುಬಂದ ದಾರಿ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದ ಬಳಿಕ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸವನ್ನು ಲ್ಯಾಪ್‌ಟಾಪ್‌ನಲ್ಲಿ ಹೊತ್ತು ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿಗಳಿಗೆ ಮರಳಿದ ಮಲೆನಾಡಿನ ಹುಡುಗ ಹುಡುಗಿಯರು ಮೊದಲು ಹುಡುಕಬೇಕಾಗಿದ್ದುದು ಸಿಗ್ನಲ್ ಸಿಗುವ ಜಾಗವನ್ನು. ವಿಡಿಯೊ ಕರೆ ನಡುವೆಯೇ ನಿಂತುಹೋಗುವ ಕಡೆಯಲ್ಲೂ ಒಂದೆರಡು ಸಾಲಿನ ಚಾಟ್ ಸಂದೇಶ ಹೇಗೋ ದಾಟಿಹೋಗುತ್ತದೆ. ಆದರೆ ಗಾಳಿಮಳೆಗೆ ಮರ ಬಿದ್ದು ಕರೆಂಟೂ ಇಂಟರ್ನೆಟ್ಟೂ ಒಟ್ಟಿಗೆ ಹೋದ ಹೊತ್ತಿನಲ್ಲಿ ತಂಡದ ಉಳಿದವರು ಆಡಿದ ಮಾತು ಏನಾಗುತ್ತದೆ? ಈ ಪ್ರಶ್ನೆಗೆ ಒಂದೊಂದು ಕಾಲದ ಚಾಟ್ ವ್ಯವಸ್ಥೆ ಒಂದೊಂದು ಉತ್ತರ ಕೊಟ್ಟಿದೆ.

ಕಂಪ್ಯೂಟರಿನಲ್ಲಿ ಹಲವರು ಏಕಕಾಲಕ್ಕೆ ಮಾತನಾಡುವ ಏರ್ಪಾಡು ಇಂಟರ್ನೆಟ್ಟಿಗಿಂತ ಹಳೆಯದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೊ ಎಂಬ ಕಂಪ್ಯೂಟರ್ ಬೋಧನಾ ವ್ಯವಸ್ಥೆಯಲ್ಲಿ 1973ರಲ್ಲಿ ಬಂದ ‘ಟಾಕೊಮ್ಯಾಟಿಕ್’ ಐದು ಜನರಿಗೆ ಪರದೆಯನ್ನು ಹಂಚಿಕೊಡುತ್ತಿತ್ತು. ಒಬ್ಬರು ಒತ್ತಿದ ಪ್ರತಿ ಅಕ್ಷರವೂ ಉಳಿದವರಿಗೆ ಆಗಲೇ ಕಾಣುತ್ತಿತ್ತು. ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ‘ಟಾಕ್’ ಆಜ್ಞೆ ಇಬ್ಬರ ನಡುವೆ ಇದೇ ಕೆಲಸ ಮಾಡಿತು. ಪ್ರೋಗ್ರಾಮರ್‌ಗಳ ದಿನಚರಿಯನ್ನೇ ಬದಲಿಸಿದ್ದು ಮಾತ್ರ ಫಿನ್‌ಲ್ಯಾಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕ್ಕೊ ಒಯ್ಕರಿನೆನ್ 1988ರ ಆಗಸ್ಟ್‌ನಲ್ಲಿ ರೂಪಿಸಿದ ಐಆರ್‌ಸಿ, ಅಂದರೆ ‘ಇಂಟರ್ನೆಟ್ ರಿಲೇ ಚಾಟ್’.

ಐಆರ್‌ಸಿ ತೀರ ಹಗುರವಾದ ವ್ಯವಸ್ಥೆ. 1993ರ ಅದರ ನಿಯಮಾವಳಿಯ ಪ್ರಕಾರ ಒಂದು ಸಂದೇಶ 512 ಬೈಟ್ ಮೀರುವಂತಿಲ್ಲ. ಮೋಡೆಮ್ ಕಾಲದ ನಿಧಾನಗತಿಯ ತಂತಿಗೂ ಅದು ಭಾರವಲ್ಲ. (ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕಾಗುವುದರಿಂದ ಕನ್ನಡದಲ್ಲಿ ಬರೆಯುವವರಿಗೆ ಈ ಮಿತಿ ಬೇಗ ಮುಟ್ಟುತ್ತದೆ ಎಂಬುದನ್ನು ಆಗ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.) ಉದ್ದದ ಕೋಡನ್ನು ಚಾನೆಲ್ಲಿಗೆ, ಅಂದರೆ ಎಲ್ಲರೂ ಸೇರುವ ಮಾತಿನ ಕೋಣೆಗೆ, ಸುರಿದವರನ್ನು ಸರ್ವರ್ ಹೊರದಬ್ಬುತ್ತಿತ್ತು, ಆದ್ದರಿಂದ ಕೋಡನ್ನು ಬೇರೊಂದು ಜಾಲಪುಟದಲ್ಲಿ ಅಂಟಿಸಿ ಕೊಂಡಿ ಮಾತ್ರ ಕೊಡುವ ರೂಢಿ ಬೆಳೆಯಿತು. ‘ಒಂದು ಪ್ರಶ್ನೆ ಕೇಳಲೇ’ ಎಂದು ಅನುಮತಿ ಬೇಡುತ್ತ ಕೂರದೆ ನೇರವಾಗಿ ಪ್ರಶ್ನೆಯನ್ನೇ ಕೇಳಬೇಕು, ಏನು ಮಾಡಿದಿರಿ, ಯಾವ ದೋಷಸಂದೇಶ ಬಂತು ಎಂಬುದನ್ನು ಒಟ್ಟಿಗೇ ಹೇಳಬೇಕು ಎಂಬ ಶಿಸ್ತು ಹುಟ್ಟಿದ್ದೂ ಅಲ್ಲಿಯೇ.

ಸಂಪರ್ಕ ಕಡಿದುಹೋದವರಿಗೆ ಮಾತ್ರ ಐಆರ್‌ಸಿಯಲ್ಲಿ ದಯೆಯಿರಲಿಲ್ಲ. ಅದರ ಸರ್ವರ್‌ಗಳು ಸಂದೇಶವನ್ನು ದಾಟಿಸುತ್ತಿದ್ದವೇ ಹೊರತು ಕೂಡಿಡುತ್ತಿರಲಿಲ್ಲ. ಪ್ರಶ್ನೆ ಕೇಳಿದ ಮರುಕ್ಷಣವೇ ನಿಮ್ಮ ಲೈನ್ ಹೋದರೆ, ಉತ್ತರ ಕೊಟ್ಟ ಪುಣ್ಯಾತ್ಮರ ಮಾತು ಎಲ್ಲರಿಗೂ ಮುಟ್ಟಿ ನಿಮಗೊಬ್ಬರಿಗೆ ಮುಟ್ಟುತ್ತಿರಲಿಲ್ಲ. ಸರ್ವರ್‌ಗಳ ನಡುವಿನ ಜೋಡಣೆಯೂ ಕೊಂಬೆಗಳಿಂದ ಕೊಂಬೆಗೆ ಹಬ್ಬಿದ ಮರದಂತಿದ್ದು, ಒಂದು ಕೊಂಡಿ ಮುರಿದರೆ ಇಡೀ ಜಾಲ ಎರಡು ಹೋಳಾಗಿ ಒಂದು ಕಡೆಯ ಹತ್ತಾರು ಜನ ಒಮ್ಮೆಗೇ ಮಾಯವಾಗುತ್ತಿದ್ದರು. ‘ನೆಟ್‌ಸ್ಪ್ಲಿಟ್’ ಎಂದು ಅದನ್ನು ಕರೆಯುತ್ತಿದ್ದರು. ಸದಾ ಚಾಲೂ ಇರುವ ದೂರದ ಕಂಪ್ಯೂಟರಿನಲ್ಲಿ ‘ಬೌನ್ಸರ್’ ಎಂಬ ತಂತ್ರಾಂಶವನ್ನು ಬಿಟ್ಟು, ತಾವಿಲ್ಲದಾಗಿನ ಮಾತನ್ನು ಅದರಿಂದ ಬರೆಸಿಟ್ಟುಕೊಳ್ಳುವುದು ಬಲ್ಲವರ ಉಪಾಯವಾಗಿತ್ತು. ಸ್ವಂತ ಸರ್ವರ್ ಇಲ್ಲದ ವಿದ್ಯಾರ್ಥಿಗೆ ಅದು ಸುಲಭದ ಮಾತಲ್ಲ.

ಈ ಕೊರತೆಯನ್ನು ವ್ಯಾಪಾರವಾಗಿಸಿದ್ದು ಮುಂದಿನ ತಲೆಮಾರು. 2006ರಲ್ಲಿ ಕೆಲಸದ ತಂಡಗಳ ಚಾಟ್ ಸೇವೆ ‘ಕ್ಯಾಂಪ್‌ಫೈರ್’ ಬಂತು. 2013ರಲ್ಲಿ ಬಂದ ಅಂಥದೇ ಸೇವೆ ‘ಸ್ಲ್ಯಾಕ್’, ಗ್ಲಿಚ್ ಎಂಬ ಆಟವನ್ನು ಕಟ್ಟುತ್ತಿದ್ದ ಕಂಪನಿ ತನ್ನೊಳಗೆ ಐಆರ್‌ಸಿ ಬಳಸುತ್ತ ಬೆಳೆಸಿಕೊಂಡ ಸಾಧನದಿಂದ ಹುಟ್ಟಿದ್ದು. ಎಲ್ಲ ಮಾತೂ ಚಾಟ್ ಕಂಪನಿಯ ಸರ್ವರಿನಲ್ಲಿ ಉಳಿಯಿತು, ಹುಡುಕಲು ಸಿಕ್ಕಿತು, ಸಂಪರ್ಕ ಮರಳಿದಾಗ ತಪ್ಪಿಹೋದದ್ದೆಲ್ಲ ಕಣ್ಣೆದುರಿಗೆ ಬಂತು. ಹಾಗೆ ಬಂದದ್ದನ್ನೆಲ್ಲ ಓದಲೇಬೇಕೆಂಬ ಒತ್ತಡವೂ ಜೊತೆಗೇ ಬಂತು. ಐಆರ್‌ಸಿಯಲ್ಲಿ ಹೊರಗೆ ಹೋದವರು ಹೊರಗೇ ಇರುತ್ತಿದ್ದರು. ಈಗಿನ ಚಾಟ್‌ನಲ್ಲಿ ಗೈರುಹಾಜರಿಯ ಬಾಕಿಯೂ ಕೆಂಪು ಅಂಕಿಯಾಗಿ ಕಾಯುತ್ತದೆ. ಹತ್ತಾರು ಚರಾಂಶಗಳನ್ನು ಒಟ್ಟಿಗೆ ತಲೆಯಲ್ಲಿಟ್ಟುಕೊಂಡು ದೋಷ ಹುಡುಕುವವರಿಗೆ ಒಂದು ‘ಟಿಣ್’ ಸದ್ದೂ ದುಬಾರಿ. ಕರೆಂಟ್ ಹೋದ ಮಧ್ಯಾಹ್ನವೇ ಅತ್ಯಂತ ಒಳ್ಳೆಯ ಕೋಡ್ ಹುಟ್ಟುವ ಹೊತ್ತು ಎಂದು, ಬ್ಯಾಟರಿ ತುಂಬಿರುವವರೆಗಾದರೂ, ನನಗೆ ಅನ್ನಿಸುತ್ತದೆ.

ಕೂಡಿಟ್ಟ ಮಾತಿನ ಮೇಲಿನ ಹಕ್ಕು ಯಾರದು ಎಂಬುದು ನಿಧಾನವಾಗಿ ತಿಳಿಯಿತು. ಸ್ಲ್ಯಾಕ್‌ನ ಉಚಿತ ಬಳಕೆದಾರರಿಗೆ ಮೊದಲು 10,000 ಸಂದೇಶಗಳವರೆಗೆ ಹಳೆಯದು ಕಾಣುತ್ತಿತ್ತು. 2022ರ ಸೆಪ್ಟೆಂಬರ್‌ನಿಂದ ಅದು 90 ದಿನಕ್ಕೆ ಇಳಿಯಿತು. 2015ರಲ್ಲಿ ಬಂದ ‘ಡಿಸ್ಕಾರ್ಡ್’ ಎಂಬ ಚಾಟ್ ಸೇವೆಯಲ್ಲಿ ನಡೆಯುವ ಪ್ರಶ್ನೋತ್ತರ ಹೊರಗಿನ ಹುಡುಕುತಾಣಗಳಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಒಡೆತನದ ಪ್ರಶ್ನೆ ಐಆರ್‌ಸಿಯನ್ನೂ ಬಿಡಲಿಲ್ಲ: ಮುಕ್ತ ತಂತ್ರಾಂಶದವರ ದೊಡ್ಡ ನೆಲೆಯಾಗಿದ್ದ ‘ಫ್ರೀನೋಡ್’ ಎಂಬ ಐಆರ್‌ಸಿ ಜಾಲದ ಸ್ವಯಂಸೇವಕರು ನಿಯಂತ್ರಣದ ಜಗಳದಲ್ಲಿ 2021ರ ಮೇ ತಿಂಗಳಲ್ಲಿ ಹೊರಬಂದು ‘ಲಿಬೆರಾ ಚಾಟ್’ ಕಟ್ಟಿದರು, ಹಲವು ಯೋಜನೆಗಳು ಅವರ ಹಿಂದೆಯೇ ನಡೆದವು.

ಫೈರ್‌ಫಾಕ್ಸ್ ಬ್ರೌಸರಿನ ಮೊಜಿಲ್ಲಾ ಅದಕ್ಕೂ ಒಂದು ವರ್ಷ ಮೊದಲು ತನ್ನ ಐಆರ್‌ಸಿ ಸರ್ವರನ್ನು ನಿಲ್ಲಿಸಿ ‘ಮ್ಯಾಟ್ರಿಕ್ಸ್’ಗೆ ಹೋಗಿತ್ತು. 2014ರಲ್ಲಿ ಆರಂಭವಾದ ಈ ಮುಕ್ತ ವ್ಯವಸ್ಥೆಯಲ್ಲಿ ಒಂದು ಕೋಣೆಯ ಮಾತಿನ ಪ್ರತಿ ಅದರಲ್ಲಿ ಸೇರಿರುವ ಎಲ್ಲ ಸರ್ವರ್‌ಗಳಲ್ಲೂ ಇರುತ್ತದೆ. ಕೊಂಡಿ ಮುರಿದರೆ ಎರಡೂ ಕಡೆ ಮಾತು ಮುಂದುವರಿದು, ಮತ್ತೆ ಕೂಡಿಕೊಂಡಾಗ ಎರಡೂ ಎಳೆಗಳು ಬೆರೆಯುತ್ತವೆ. ನೆಟ್‌ಸ್ಪ್ಲಿಟ್‌ಗೆ ಸಿಕ್ಕ ಈ ಉತ್ತರಕ್ಕೆ ಬೆಲೆಯೂ ಇದೆ: ದೊಡ್ಡ ಕೋಣೆಗೆ ಹೊಸದಾಗಿ ಸೇರುವಾಗ ಅಲ್ಲಿ ಯಾರಿದ್ದಾರೆ, ಯಾರಿಗೆ ಯಾವ ಅಧಿಕಾರ ಎಂಬ ವಿವರವನ್ನೆಲ್ಲ ತರಿಸಿಕೊಳ್ಳಬೇಕಾದ ಸರ್ವರ್ ಏದುಸಿರು ಬಿಡುತ್ತದೆ. ಎರಡು ಗೆರೆ ಸಿಗ್ನಲ್‌ನ ಊರಿನಲ್ಲಿ ಕುಳಿತವರಿಗೆ 512 ಬೈಟಿನ ಹಳೆಯ ಐಆರ್‌ಸಿಯೂ ಅದರ ಮೇಲೊಂದು ಬೌನ್ಸರೂ ಈಗಲೂ ಹೆಚ್ಚು ಹೊಂದುತ್ತವೆ.