ಹೆಮ್ಯಾಂಜಿಯೋಮಾ: ಕೂಸಿನ ಕೆಂಪು ಗಂಟಿಗೆ ಬಿ.ಪಿ. ಮದ್ದು

ಉಡುಪಿಯ ನಮ್ಮ ಮನೆಯಲ್ಲಿ ತಂಗಿಯ ಕೂಸನ್ನು ಮೀಯಿಸುವಾಗ ಅಮ್ಮನಿಗೆ ಅದರ ರೆಪ್ಪೆಯ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕೆ ಕಂಡಿತು. ಹುಟ್ಟುವಾಗ ಇರಲಿಲ್ಲ. ಎರಡು ತಿಂಗಳಾಗುವಾಗ ಅದು ಹಣ್ಣು ಪುನರ್ಪುಳಿಯ ಬಣ್ಣಕ್ಕೆ ಉಬ್ಬಿ, ಕಣ್ಣು ಅರ್ಧ ಮುಚ್ಚಿತ್ತು. "ಗ್ರಹಣದ ದಿನ ಬಸುರಿ ಹೊರಗೆ ಹೋದದ್ದಕ್ಕೆ" ಎಂದರು ನೆರೆಮನೆಯವರು. ತಂಗಿ ಅತ್ತಳು. ಗ್ರಹಣಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಇದರ ಹೆಸರು ಹೆಮ್ಯಾಂಜಿಯೋಮಾ. ಗ್ರೀಕಿನಲ್ಲಿ ಹೈಮಾ ಎಂದರೆ ರಕ್ತ, ಆಂಜಿಯಾನ್ ಎಂದರೆ ನಾಳ, ಓಮಾ ಎಂದರೆ ಗಡ್ಡೆ. ರಕ್ತನಾಳದ ಒಳಪದರದ ಕೋಶಗಳು ಮಿತಿಮೀರಿ ಬೆಳೆದು ಆಗುವ ಗಂಟು ಇದು, ಕ್ಯಾನ್ಸರ್ ಅಲ್ಲ. ಹೆಣ್ಣುಮಕ್ಕಳಲ್ಲಿ, ತಿಂಗಳು ತುಂಬುವ ಮೊದಲೇ ಹುಟ್ಟಿದವರಲ್ಲಿ ಹೆಚ್ಚು. ಬೆಳವಣಿಗೆಯ ಬಹುಪಾಲು ಮೊದಲ ಐದು ತಿಂಗಳಲ್ಲೇ ಮುಗಿಯುತ್ತದೆ, ಆಮೇಲೆ ವರ್ಷಗಟ್ಟಲೆ ನಿಧಾನವಾಗಿ ಕುಗ್ಗುತ್ತದೆ. "ತಾನಾಗಿ ಹೋಗುತ್ತದೆ" ಎಂಬ ಮಾತು ಹೆಚ್ಚಿನ ಮಕ್ಕಳ ಮಟ್ಟಿಗೆ ಸರಿಯೇ. ಆದರೆ ಗಂಟು ಕಣ್ಣು, ಮೂಗು, ತುಟಿ, ಉಸಿರುನಾಳದ ಬಳಿ ಇದ್ದರೆ, ಹುಣ್ಣಾದರೆ ಕಾಯುವಂತಿಲ್ಲ. ಮುಚ್ಚಿಕೊಂಡೇ ಇದ್ದ ಕಣ್ಣಿಗೆ ನೋಡುವುದು ಅಭ್ಯಾಸವಾಗುವುದಿಲ್ಲ. ಹಾಗಾಗಿ ಮೊದಲ ತಿಂಗಳಲ್ಲೇ ಡಾಕ್ಟರಿಗೆ ತೋರಿಸಿ ಎಂದು ನಾನು ಕಂಡವರಿಗೆಲ್ಲ ಹೇಳುತ್ತೇನೆ.

ಇಂಥ ಗಂಟಿಗೆ ಈಗ ಕೊಡುವುದು ಬೀಟಾ ಬ್ಲಾಕರ್. ಹಾಗೆಂದರೆ ಅಡ್ರಿನಲಿನ್ ಎಂಬ ಹಾರ್ಮೋನು ಬಂದು ಕೂರುವ ಬೀಟಾ ಎಂಬ ಜಾಗಗಳನ್ನು ಮುಚ್ಚಿಬಿಡುವ ಮದ್ದು. ಹೃದಯದ ಬಡಿತ, ಬಿ.ಪಿ. ಇಳಿಸಲು ದೊಡ್ಡವರು ನುಂಗುವಂಥದ್ದು. ಫ್ರಾನ್ಸಿನ ಬೋರ್ಡೋದಲ್ಲಿ ಮೂಗಿನ ಮೇಲೆ ಇಂಥದೇ ಗಂಟಿದ್ದ ಮಗುವಿಗೆ ಹೃದಯದ ತೊಂದರೆಗೆಂದು ಪ್ರೊಪ್ರನೊಲಾಲ್ ಎಂಬ ಬೀಟಾ ಬ್ಲಾಕರ್ ಕೊಟ್ಟರು. ಮರುದಿನವೇ ಗಂಟು ಮೆತ್ತಗಾಗಿ ಅದರ ಕಡುಕೆಂಪು ಮಾಸಿತ್ತು! ಡಾ. ಕ್ರಿಸ್ಟಿನ್ ಲೆಯೋಟೆ-ಲಾಬ್ರೇಜ್ ಮತ್ತು ಸಂಗಡಿಗರು 2008ರಲ್ಲಿ ಇದನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಇದ್ದ ಮುಖ್ಯ ದಾರಿ ಸ್ಟಿರಾಯ್ಡ್.

ಪ್ರೊಪ್ರನೊಲಾಲ್ ಕೊಟ್ಟಾಗ ಮೊದಲು ಗಂಟಿನ ನಾಳಗಳು ಬಿಗಿಯಾಗಿ ರಕ್ತ ಕಮ್ಮಿಯಾಗುತ್ತದೆ, ಬಣ್ಣ ಇಳಿಯುವುದು ಅದರಿಂದ. ಬಳಿಕ ಹೊಸ ನಾಳ ಹುಟ್ಟಿಸುವ ಸಂಕೇತಗಳು ತಗ್ಗುತ್ತವೆ, ಹೆಚ್ಚುವರಿ ಕೋಶಗಳು ಸಾಯುತ್ತವೆ. ಸಾಮಾನ್ಯವಾಗಿ ಆರು ತಿಂಗಳಾದರೂ ಕೊಡಬೇಕು. ಚಿಕ್ಕ, ತೆಳು ಮಚ್ಚೆಗೆ ಟಿಮೊಲಾಲ್ ಎಂಬ ಇನ್ನೊಂದು ಬೀಟಾ ಬ್ಲಾಕರಿನ ಹನಿ ಹಚ್ಚಿದರೂ ಸಾಕಾಗುವುದುಂಟು.

ಶುರುಮಾಡುವ ಮೊದಲು ಹೃದಯ ಪರೀಕ್ಷಿಸುತ್ತಾರೆ, ಉಬ್ಬಸ ಇದೆಯೇ ಎಂದು ಕೇಳುತ್ತಾರೆ. ಡೋಸು ಮಗುವಿನ ತೂಕ ನೋಡಿ. ದೊಡ್ಡವರ ಮಾತ್ರೆಯನ್ನು ಮನೆಯಲ್ಲೇ ಅರೆದು ಕೊಡುವಂತೆಯೇ ಇಲ್ಲ. ನಿಜವಾದ ಅಪಾಯ ಖಾಲಿ ಹೊಟ್ಟೆ: ರಕ್ತದ ಸಕ್ಕರೆಯ ಅಂಶ ಥಟ್ಟನೆ ಕುಸಿದು ಮಗು ಬೆವರಿ, ಮಂಕಾಗಿ, ಫಿಟ್ಸ್ ಕೂಡ ಬರಬಹುದು. ಮೊದಲು ಹಾಲು, ಆಮೇಲೆ ಮದ್ದು. ತಂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಡೋಸಿನ ಪಕ್ಕ ಹಾಲು ಕುಡಿದ ಗಂಟೆ ಬರೆಯುತ್ತಿದ್ದಳು. ಕೂಸು ವಾಂತಿ ಮಾಡಿ ಹಾಲು ಬಿಟ್ಟ ದಿನ ಅಲ್ಲಿ ಡೋಸಿಲ್ಲ, ಡಾಕ್ಟರ ಫೋನ್ ನಂಬರು ಮಾತ್ರ.