ಎಣಿಕೆ ಸರಿ ಇದೆ, ರಕ್ತ ಯಾಕೆ ನಿಲ್ಲುತ್ತಿಲ್ಲ? ವಾನ್ ವಿಲ್ಲೆಬ್ರಾಂಡ್ ಹಿಡಿದ ದಾರಿ

ರಕ್ತ ನಿಲ್ಲಿಸಲು ನೆರವಾಗುವ ಪುಟ್ಟ ರಕ್ತಕಣ ಪ್ಲೇಟ್‌ಲೆಟ್. ಅದರ ಹೆಸರು ಅಂದ ಕೂಡಲೇ ನಮ್ಮ ತಲೆಗೆ ಬರುವುದು ಎಣಿಕೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷ. ತುಂಬಾ ಕಡಿಮೆಯಾದರೆ ರಕ್ತ ಸೋರುತ್ತದೆ. ಅಷ್ಟೇ ಅಲ್ವಾ? ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಆದರೆ ಎಣಿಕೆ ಸರಿಯಾಗಿದ್ದರೂ ರಕ್ತ ನಿಲ್ಲದವರಿದ್ದಾರೆ. ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ ಬೆನ್ನುಹತ್ತಿದ್ದು ಇದನ್ನೇ. ಅವರ ಹಿಂದೆ ಹೋದರೆ ಈ ಪಾಠದ ಗಂಟುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ.

1924ರಲ್ಲಿ ಫಿನ್ಲೆಂಡಿನ ಓಲಾಂಡ್ ದ್ವೀಪಗಳ ಫೊಗ್ಲೊದಿಂದ ಐದು ವರ್ಷದ ಹುಡುಗಿಯೊಬ್ಬಳನ್ನು ಹೆಲ್ಸಿಂಕಿಗೆ ಕರೆತಂದರು. ಪದೇ ಪದೇ ರಕ್ತಸ್ರಾವ. ಅವಳ ಅಕ್ಕತಂಗಿಯರಲ್ಲಿ ಕೆಲವರು ರಕ್ತ ನಿಲ್ಲದೆ ಎಳೆಯ ವಯಸ್ಸಿನಲ್ಲೇ ತೀರಿಕೊಂಡಿದ್ದರು. ಹಿಮೋಫಿಲಿಯಾ ಅನ್ನೋಣವೆಂದರೆ ಅದು ಹೆಚ್ಚಾಗಿ ಗಂಡುಮಕ್ಕಳನ್ನು ಕಾಡುವ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ. ಇಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ವಿಲ್ಲೆಬ್ರಾಂಡ್ ಆ ಕುಟುಂಬದ 66 ಜನರ ವಿವರ ಕಲೆಹಾಕಿದರು. 23 ಜನರಲ್ಲಿ ತೊಂದರೆ ಕಂಡಿತು. ಪ್ಲೇಟ್‌ಲೆಟ್ ಎಣಿಕೆ ಸರಿ, ಆದರೆ ಚುಚ್ಚಿದ ಗಾಯದಿಂದ ರಕ್ತ ಬಹಳ ಹೊತ್ತು ಹರಿಯುತ್ತಿತ್ತು. 1926ರಲ್ಲಿ ಇದನ್ನು ಸ್ವೀಡಿಷ್ ಭಾಷೆಯಲ್ಲಿ ಪ್ರಕಟಿಸಿ, ಮನೆತನದಲ್ಲಿ ಹರಿದುಬರುವ 'ಹುಸಿ ಹಿಮೋಫಿಲಿಯಾ' ಎಂದು ಕರೆದರು. ಆ ಹುಡುಗಿ ಹದಿಮೂರನೇ ವಯಸ್ಸಿನಲ್ಲಿ, ತನ್ನ ನಾಲ್ಕನೇ ಮುಟ್ಟಿನ ಸಮಯದಲ್ಲಿ, ರಕ್ತಸ್ರಾವದಿಂದಲೇ ತೀರಿಹೋದಳು. ಓದುವಾಗ ಈ ಸಾಲನ್ನು ದಾಟಿ ಮುಂದೆ ಹೋಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ದೋಷ ಪ್ಲೇಟ್‌ಲೆಟ್‌ಗಳ ಕೆಲಸದಲ್ಲೋ ರಕ್ತನಾಳದ ಗೋಡೆಯಲ್ಲೋ ಇರಬೇಕು ಎಂಬುದು ವಿಲ್ಲೆಬ್ರಾಂಡ್ ಅವರ ಊಹೆ. ಉತ್ತರ ಅದರ ಪಕ್ಕದಲ್ಲೇ ಇತ್ತು. 1957ರಲ್ಲಿ ಸ್ವೀಡನ್ನಿನ ಇಂಗಾ ಮರಿ ನಿಲ್ಸನ್, ಮಾರ್ಗರೆಟಾ ಬ್ಲೊಂಬೆಕ್ ಮತ್ತು ಜೊತೆಗಾರರು ಅದೇ ದ್ವೀಪಗಳಿಗೆ ಹೋದರು. ಪ್ಲಾಸ್ಮಾದಿಂದ, ಅಂದರೆ ರಕ್ತದ ದ್ರವಭಾಗದಿಂದ, ಬೇರ್ಪಡಿಸಿದ ಒಂದು ಭಾಗವನ್ನು ರೋಗಿಗಳಿಗೆ ಕೊಟ್ಟರೆ ರಕ್ತಸ್ರಾವ ತಹಬದಿಗೆ ಬರುತ್ತಿತ್ತು. ಅಂದರೆ ಕೊರತೆ ಇದ್ದದ್ದು ಪ್ಲಾಸ್ಮಾದಲ್ಲಿ. ಈ ರೋಗಿಗಳಲ್ಲಿ ಫ್ಯಾಕ್ಟರ್ 8 ಎಂಬ, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್ ಕೂಡ ಕಡಿಮೆ. ಹಾಗಾದರೆ ಅದೇ ಕಾರಣವಾ? ಅಲ್ಲ. ಫ್ಯಾಕ್ಟರ್ 8 ಇಲ್ಲದ ಹಿಮೋಫಿಲಿಯಾ ರೋಗಿಯ ಪ್ಲಾಸ್ಮಾದಿಂದ ತಯಾರಿಸಿದ್ದನ್ನು ಕೊಟ್ಟರೂ ರಕ್ತ ನಿಂತಿತು. ಈ ಒಂದು ಪ್ರಯೋಗವನ್ನು ಎರಡು ಸಲ ಓದಿ. ಇಡೀ ವಿಷಯದ ಕೀಲಿಕೈ ಇರುವುದು ಇಲ್ಲೇ. ಬೇರೆಯೇ ಒಂದು ಪ್ರೋಟೀನ್ ಇರಲೇಬೇಕು. ಅದಕ್ಕೇ ಇಂದು ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಹೆಸರು, ಅದರ ದೋಷದಿಂದ ಬರುವ ಕಾಯಿಲೆಗೂ ಅವರದೇ ಹೆಸರು.

ಈಗ ಗಾಯವನ್ನು ಹತ್ತಿರದಿಂದ ನೋಡೋಣ. ನಾಳದ ಒಳಪದರ ಹರಿದು, ಕೆಳಗಿನ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ಹೊರಗೆ ಕಾಣುತ್ತದೆ. ನಮ್ಮ ವಿಲ್ಲೆಬ್ರಾಂಡ್ ಪ್ರೋಟೀನ್ ರಕ್ತದಲ್ಲಿ ದಾರದುಂಡೆಯಂತೆ ಸುತ್ತಿಕೊಂಡು ಸುಮ್ನೆ ತೇಲುತ್ತಿರುತ್ತದೆ. ಕೊಲಾಜೆನ್‌ಗೆ ಅಂಟಿಕೊಂಡಾಗ ರಕ್ತದ ರಭಸ ಅದನ್ನು ಎಳೆದು ಉದ್ದವಾಗಿ ಬಿಡಿಸುತ್ತದೆ. ಒಳಗೆ ಅಡಗಿದ್ದ ಹಿಡಿಕೆಗಳು ತೆರೆದುಕೊಳ್ಳುತ್ತವೆ. ವೇಗವಾಗಿ ಹೋಗುತ್ತಿದ್ದ ಪ್ಲೇಟ್‌ಲೆಟ್ ತನ್ನ ಮೈಮೇಲಿನ ಜಿಪಿ-1ಬಿ ಎಂಬ ಕೊಂಡಿಯಿಂದ ಆ ದಾರಕ್ಕೆ ಸಿಕ್ಕಿಬೀಳುತ್ತದೆ, ಉರುಳುತ್ತಾ ನಿಧಾನವಾಗುತ್ತದೆ, ಕೊನೆಗೆ ನಿಲ್ಲುತ್ತದೆ. ಆಮೇಲೆ ಕೈಕಾಲು ಚಾಚಿದಂತೆ ಆಕಾರ ಬದಲಿಸುತ್ತದೆ. ಜಿಪಿ-2ಬಿ/3ಎ ಎಂಬ ಇನ್ನೊಂದು ಕೊಂಡಿ ತೆರೆದು, ಫೈಬ್ರಿನೋಜೆನ್ ಎಂಬ ರಕ್ತದ ಪ್ರೋಟೀನ್ ಮೂಲಕ ಪಕ್ಕದ ಪ್ಲೇಟ್‌ಲೆಟ್‌ಗಳ ಕೈ ಹಿಡಿಯುತ್ತದೆ. ದಾರವೇ ಇಲ್ಲದಿದ್ದರೆ? ಲಕ್ಷಗಟ್ಟಲೆ ಪ್ಲೇಟ್‌ಲೆಟ್ ಇದ್ದೂ ಗಾಯದ ಪಕ್ಕದಲ್ಲೇ ಹರಿದು ಹೋಗಿಬಿಡುತ್ತವೆ.

ಇದೇ ಪ್ರೋಟೀನ್ ಫ್ಯಾಕ್ಟರ್ 8 ಅನ್ನು ಜೊತೆಗೆ ಹೊತ್ತು ಕಾಪಾಡುತ್ತದೆ. ಇಲ್ಲದಿದ್ದರೆ ಅದು ರಕ್ತದಲ್ಲಿ ಬೇಗ ಕರಗಿಹೋಗುತ್ತದೆ. ರೋಗಿಗಳಲ್ಲಿ ಫ್ಯಾಕ್ಟರ್ 8 ಯಾಕೆ ಕಡಿಮೆ ಎಂಬುದಕ್ಕೆ ಉತ್ತರ ಸಿಕ್ಕಿತಲ್ಲ?

ಕೊಂಡಿಗಳ ಹೆಸರು ನೆನಪಿದ್ದರೆ ಇನ್ನೆರಡು ಕಾಯಿಲೆಗಳು ತಾವಾಗೇ ಜಾಗಕ್ಕೆ ಕೂರುತ್ತವೆ. ಜಿಪಿ-1ಬಿ ಸಂಕೀರ್ಣದಲ್ಲಿ ದೋಷವಿದ್ದರೆ ಬರ್ನಾರ್-ಸೂಲಿಯೇ ಕಾಯಿಲೆ, 1948ರಲ್ಲಿ ವಿವರಿಸಿದ್ದು. ಪ್ಲೇಟ್‌ಲೆಟ್‌ಗಳು ದೊಡ್ಡವು, ಎಣಿಕೆಯೂ ಸಾಮಾನ್ಯವಾಗಿ ಕಡಿಮೆ. ಜಿಪಿ-2ಬಿ/3ಎ ಕೆಟ್ಟರೆ ಗ್ಲಾನ್ಜ್‌ಮನ್ ಕಾಯಿಲೆ, 1918ರದ್ದು. ಇಲ್ಲಿ ಪ್ಲೇಟ್‌ಲೆಟ್ ಗೋಡೆಗೆ ಅಂಟುತ್ತದೆ, ಒಂದಕ್ಕೊಂದು ಕೂಡುವುದಿಲ್ಲ.

ವಿಲ್ಲೆಬ್ರಾಂಡ್ ಮತ್ತು ಬರ್ನಾರ್-ಸೂಲಿಯೇ ಕಾಯಿಲೆಗಳಲ್ಲಿ ಕಟ್ಟಾಗಿರುವುದು ಒಂದೇ ಜೋಡಣೆ, ಎರಡು ತುದಿಗಳಿಂದ. ಬೇರೆ ಮಾಡುವುದು ಹೇಗೆ? ರಿಸ್ಟೊಸೆಟಿನ್ ಎಂಬ ಔಷಧ ಬಳಸುತ್ತಾರೆ. ಅದು ಮೊದಲು ಆಂಟಿಬಯೋಟಿಕ್ ಆಗಿತ್ತು, ಪ್ಲೇಟ್‌ಲೆಟ್ ಇಳಿಸುತ್ತದೆಂದು ಕೈಬಿಟ್ಟರು. ಈಗ ಲ್ಯಾಬಿನಲ್ಲಿ ಅದೇ ಗುಣ ಉಪಯೋಗಕ್ಕೆ ಬಂದಿದೆ. ಆರೋಗ್ಯವಂತರ ಮಾದರಿಗೆ ಹಾಕಿದರೆ ಪ್ಲೇಟ್‌ಲೆಟ್‌ಗಳು ಗುಂಪುಗೂಡುತ್ತವೆ. ಬರ್ನಾರ್-ಸೂಲಿಯೇಯಲ್ಲೂ ತೀವ್ರ ವಿಲ್ಲೆಬ್ರಾಂಡ್ ಕಾಯಿಲೆಯಲ್ಲೂ ಗುಂಪುಗೂಡುವುದಿಲ್ಲ. ಆಗ ಆರೋಗ್ಯವಂತರ ಪ್ಲಾಸ್ಮಾ ಸ್ವಲ್ಪ ಬೆರೆಸಿ ನೋಡುತ್ತಾರೆ. ವಿಲ್ಲೆಬ್ರಾಂಡ್ ರೋಗಿಯ ಪ್ಲೇಟ್‌ಲೆಟ್‌ಗಳು ಕೂಡಿಕೊಳ್ಳುತ್ತವೆ. ಇನ್ನೊಬ್ಬರವು ಹಾಗೇ ಬಿಡಿಬಿಡಿಯಾಗಿ ಉಳಿಯುತ್ತವೆ.