ಮಳೆ ಜಾಸ್ತಿ ಬೀಳೋ ಊರಿನವ್ರಿಗೆ ಮಳೆ ಕಂಡ್ರೆ ಆಗಲ್ವಾ?

ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ, ಎಷ್ಟು ಸಲ ಉತ್ತರ ಕೊಟ್ಟಿದೀನೋ, ಇವತ್ತು ಪೂರ್ತಿ ಬಿಡಿಸಿ ಬರೆದುಬಿಡ್ತೀನಿ. ಊರಿನ ಹವೆಗೂ ಜನ ಮಳೇನ ನೋಡೋ ರೀತಿಗೂ ಸಂಬಂಧ ಇದ್ದೇ ಇದೆ. ಆದ್ರೆ "ಜಾಸ್ತಿ ಬಿದ್ರೆ ಬೇಜಾರು, ಕಮ್ಮಿ ಬಿದ್ರೆ ಪ್ರೀತಿ" ಅನ್ನೋ ಲೆಕ್ಕ ದಯವಿಟ್ಟು ಬಿಟ್ಬಿಡಿ.

ಮಳೆಗೆ ಬೇಸತ್ತ ಜನ ಅಂದ ತಕ್ಷಣ ಎಲ್ರೂ ಹೇಳೋದು ಲಂಡನ್. ಅಲ್ಲಿ ವರ್ಷಕ್ಕೆ ಬೀಳೋದು ಸುಮಾರು 600 ಮಿ.ಮೀ. ಅಷ್ಟೇ! ಮುಂಬೈನಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಜಾಸ್ತಿ ಸುರಿಯುತ್ತೆ, ರಸ್ತೆ ಮುಳುಗುತ್ತೆ, ಟ್ರೈನ್ ನಿಲ್ಲುತ್ತೆ, ಆದ್ರೂ ಮೇ ಕೊನೆಗೆ ಎಲ್ರೂ ಆಕಾಶ ನೋಡ್ಕೊಂಡು ಕಾಯ್ತಿರ್ತಾರೆ, ಯಾಕಂದ್ರೆ ಆ ಸೆಕೆ ಇಳಿಸೋದು ಮಳೆ ಮಾತ್ರ. ಅಮೆರಿಕಾದಲ್ಲೂ ಇದೇ ಕಥೆ, ಮಳೆ ಊರು ಅಂತ ಹೆಸರಾಗಿರೋದು ಸಿಯಾಟಲ್, ಆದ್ರೆ ವರ್ಷದ ಮೊತ್ತ ನೋಡಿದ್ರೆ ನ್ಯೂಯಾರ್ಕೇ ಮುಂದೆ. ಸಿಯಾಟಲ್‌ನಲ್ಲಿ ಜಿನುಗು ಮಳೆ, ಅದೂ ಹೆಚ್ಚಾಗಿ ಚಳಿಗಾಲದಲ್ಲಿ, ಮೊದಲೇ ಹಗಲು ಚಿಕ್ಕದು, ಅದರ ಮೇಲೆ ದಿನಗಟ್ಟಲೆ ಮೋಡ. ಜನಕ್ಕೆ ಸಾಕಾಗೋದು ನೀರಿಂದಲ್ಲ, ಬಿಸಿಲಿಲ್ಲದೆ. ಮಳೆಗೆ ಮುಂಚೆ ಸೆಕೆ ಇತ್ತಾ ಚಳಿ ಇತ್ತಾ, ಒಂದೇ ಸಲ ಸುರಿದು ಹೋಯ್ತಾ ಇಲ್ಲ ವಾರಗಟ್ಟಲೆ ಜಿನುಗ್ತಾ, ಇದನ್ನ ನೋಡಿ, ಬರೀ ಮಿ.ಮೀ. ನೋಡಬೇಡಿ.

ಒಣ ನಾಡಿನವ್ರು ಮಳೆ ಬಂದ್ರೆ ಕುಣೀತಾರೆ ಅನ್ನೋದೂ ಅರ್ಧ ಸತ್ಯ. ಚಿಲಿಯ ಅಟಕಾಮ ಮರುಭೂಮೀಲಿ 2015ರ ಮಾರ್ಚ್‌ನಲ್ಲಿ ಜೋರು ಮಳೆ ಬಂತು, ಗಟ್ಟಿಯಾದ ನೆಲ ನೀರು ಹೀರ್ಲಿಲ್ಲ, ಕೆಸರಿನ ಪ್ರವಾಹ ಊರಿಗೇ ನುಗ್ಗಿ ಜನ ಸತ್ರು. ಅಂಥಾ ಕಡೆ ಮಳೆ ಮೋಡ ಕಂಡ್ರೆ ಭಯಾನೂ ಆಗುತ್ತೆ. ಇನ್ನೊಂದು ಕಡೆ ಚಿರಾಪುಂಜಿ, ವರ್ಷಕ್ಕೆ 11,000 ಮಿ.ಮೀ. ಮೇಲೆ ಬೀಳೋ ಊರು, ನೀರೆಲ್ಲ ಇಳಿಜಾರಲ್ಲಿ ಹರಿದುಹೋಗಿ ಚಳಿಗಾಲದಲ್ಲಿ ಕುಡಿಯೋಕೇ ಪರದಾಟ. ಅವ್ರೂ ಮುಂದಿನ ಮಳೆಗೆ ಕಾಯ್ಲೇಬೇಕು.

ಹಾಗಾದ್ರೆ ಮೊದಲ ಮಳೆ ವಾಸನೆ ಯಾಕೆ ಇಷ್ಟು ಜನಕ್ಕೆ ಇಷ್ಟ? ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಇದಕ್ಕೆ ಪೆಟ್ರಿಕೋರ್ ಅಂತ ಹೆಸರಿಟ್ರು. ಒಣ ದಿನಗಳಲ್ಲಿ ಗಿಡಗಳ ಎಣ್ಣೆ ಅಂಶ ಕಲ್ಲು ಮಣ್ಣಲ್ಲಿ ಸೇರ್ಕೊಳ್ಳುತ್ತೆ, ಜೊತೆಗೆ ಮಣ್ಣಿನ ಬ್ಯಾಕ್ಟೀರಿಯಾ ಮಾಡೋ ಜಿಯೋಸ್ಮಿನ್ ಇರುತ್ತೆ, ಹನಿ ಬಿದ್ದಾಗ ಎರಡೂ ಗಾಳಿಗೆ ಏಳುತ್ತೆ. ದಿನಾ ಮಳೆ ಬೀಳೋ ಕಡೆ ಇದು ಅಷ್ಟು ಜೋರಾಗಿರಲ್ಲ, ಆ ಎಣ್ಣೆ ಸೇರೋಕೆ ನೆಲ ಸ್ವಲ್ಪ ದಿನ ಒಣಗಿರ್ಬೇಕು.